ಊರಲ್ಲಿರುವ ಅಪ್ಪ ಅಮ್ಮನಿಗೆ ಎಐ ಫೋನ್ ಕರೆ: ಶುರು ಮಾಡುವ ಮೊದಲು, ಮಾಡಿದ ಮೇಲೆ

ಹೆಬ್ರಿಯಲ್ಲೋ ಬೆಳ್ತಂಗಡಿಯಲ್ಲೋ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರು, ಮುಂಬೈ, ದುಬೈ ಅಂತ ದೂರ ಇದ್ದಾರೆ. ಅಪ್ಪ ಹೃದಯದ ತೊಂದರೆಗೆ ಮಂಗಳೂರಿನಲ್ಲಿ ಅಡ್ಮಿಟ್ ಆಗಿ ಈಗಷ್ಟೇ ಮನೆಗೆ ಬಂದಿದ್ದಾರೆ. ಅಥವಾ ಅಮ್ಮನಿಗೆ ಹೊಸದಾಗಿ ಇನ್ಸುಲಿನ್ ಶುರುವಾಗಿದೆ. ಡಾಕ್ಟರು "ದಿನಾ ತೂಕ ನೋಡಿ, ಶುಗರ್ ಬರೆದಿಡಿ, ಏನಾದರೂ ಆದರೆ ಫೋನ್ ಮಾಡಿ" ಅಂದಿದ್ದಾರೆ. ಮೊದಲ ವಾರ ಮನೆಯವರೆಲ್ಲ ನೆನಪಿಟ್ಟು ಕೇಳುತ್ತಾರೆ. ಮೂರನೇ ವಾರಕ್ಕೆ ಪುಸ್ತಕದ ಹಾಳೆ ಖಾಲಿ.

ಇಲ್ಲಿ ಧ್ವನಿ ಎಐ ನಿಜಕ್ಕೂ ಉಪಕಾರಕ್ಕೆ ಬರುತ್ತದೆ. ದಿನಾ ಅದೇ ಹೊತ್ತಿಗೆ ಫೋನ್ ಮಾಡುತ್ತದೆ, ಅದೇ ಪ್ರಶ್ನೆಯನ್ನು ಬೇಜಾರಿಲ್ಲದೆ ಕೇಳುತ್ತದೆ, ಹೇಳಿದ್ದನ್ನು ಬರೆದಿಡುತ್ತದೆ. ಅಷ್ಟು ಸಾಕು. ಬರೆದದ್ದನ್ನು ನೋಡಿ ಮುಂದೇನು ಅಂತ ತೀರ್ಮಾನ ಮಾಡಲು ಮಾತ್ರ ಒಬ್ಬ ಮನುಷ್ಯ, ಹೆಚ್ಚಾಗಿ ಒಬ್ಬ ನರ್ಸ್, ಬೇಕೇ ಬೇಕು, ಮತ್ತು ಆ ಮನುಷ್ಯ ಯಾರು ಅಂತ ಮೊದಲೇ ಗೊತ್ತಿರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ವಿಷಯವನ್ನು ಗಟ್ಟಿ ಮಾಡಿಕೊಳ್ಳುವುದಕ್ಕೆ.

ದೂರದಿಂದ ನೋಡಿಕೊಳ್ಳುವುದು ನಮ್ಮ ಕಡೆಗೆ ಹೊಸತೇನಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಕಟ್ಟಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಬಳಗದಲ್ಲಿ ಹಳ್ಳಿಯ ಡಾಕ್ಟರು ಇಸಿಜಿ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ, ತಜ್ಞರು ನೋಡಿ ಏನು ಮಾಡಬೇಕು ಅಂತ ಹೇಳುತ್ತಾರೆ. ಇನ್ನೊಂದು ತುದಿಯಲ್ಲಿ ನೋಡುವವರು ಇದ್ದಾರೆ, ಅದಕ್ಕೇ ಅದು ಕೆಲಸ ಮಾಡುತ್ತದೆ. ನೀವು ಶುರು ಮಾಡುವ ಎಐ ಕರೆಗೂ ಅಂಥ ತುದಿ ಬೇಕು.

ಮೊದಲು ಡಾಕ್ಟರಿಂದ ಒಂದು ಚೀಟಿ

ಆ್ಯಪ್ ಹುಡುಕುವ ಮೊದಲು ಡಾಕ್ಟರನ್ನು ಕಾಣಿ. ಒಂದು ಹಾಳೆ ತೆಗೆದುಕೊಂಡು ಹೋಗಿ ಮೂರು ವಿಷಯ ಬರೆಸಿಕೊಳ್ಳಿ: ದಿನಾ ಏನು ನೋಡಬೇಕು, ಯಾವ ಅಂಕಿ ಬಂದರೆ ಅದೇ ದಿನ ಫೋನ್ ಮಾಡಬೇಕು, ಯಾವ ಲಕ್ಷಣಕ್ಕೆ ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಯಬೇಕು.

ಹೃದಯ ದುರ್ಬಲವಾಗಿರುವವರಲ್ಲಿ ಮೂರು ದಿನದೊಳಗೆ 2 ಕಿಲೋಗಿಂತ ಜಾಸ್ತಿ ತೂಕ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಸಂಶಯ ಪಡುತ್ತಾರೆ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಅದು ಕಡಿಮೆ ಶುಗರ್. ಬಿಪಿಯ ಮೇಲಿನ ಅಂಕಿ 180ರ ಮೇಲೆ ಅಥವಾ ಕೆಳಗಿನ ಅಂಕಿ 120ರ ಮೇಲೆ ಹೋಗಿ ಎದೆನೋವು, ಉಸಿರಾಟದ ಕಷ್ಟ ಅಥವಾ ಕಣ್ಣು ಮಂಜಾಗುವುದು ಇದ್ದರೆ ಅದು ತುರ್ತು. ಇವು ಸಾಮಾನ್ಯ ಲೆಕ್ಕ. ನಿಮ್ಮ ಅಪ್ಪನಿಗೆ ಡಾಕ್ಟರು ಬೇರೆ ಅಂಕಿ ಕೊಟ್ಟರೆ ಅದೇ ಸರಿ.

ಅಳೆಯುವ ಕ್ರಮವನ್ನೂ ಕೇಳಿಕೊಳ್ಳಿ. ತೂಕ ನೋಡುವುದು ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಚಹಾ ತಿಂಡಿಗೆ ಮೊದಲು, ಹೆಚ್ಚುಕಮ್ಮಿ ಒಂದೇ ಥರದ ಬಟ್ಟೆಯಲ್ಲಿ. ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು ಸುಮ್ನೆ ಕೂರಬೇಕು, ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಅಳತೆಯೇ ತಪ್ಪಿದರೆ ಎಐ ಎಷ್ಟು ಚೆನ್ನಾಗಿ ಬರೆದುಕೊಂಡರೂ ಪ್ರಯೋಜನ ಇಲ್ಲ.

ಇದೇ ಭೇಟಿಯಲ್ಲಿ ಇನ್ನೊಂದು ಮಾತು ಖಚಿತ ಮಾಡಿಕೊಳ್ಳಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ (ಫೋನ್, ವಿಡಿಯೋ ಮೂಲಕ ದೂರದಿಂದ ಚಿಕಿತ್ಸೆ) ಮಾರ್ಗಸೂಚಿಯ ಪ್ರಕಾರ ಎಐ ನೇರವಾಗಿ ರೋಗಿಗೆ ಸಲಹೆ ಕೊಡುವ ಹಾಗಿಲ್ಲ, ಮದ್ದು ಬರೆಯುವ ಹಾಗಿಲ್ಲ. ಅದು ನೋಂದಾಯಿತ ವೈದ್ಯರಿಗೆ ಸಹಾಯ ಮಾಡಬಹುದು, ಅಷ್ಟೇ. ಯಾವುದಾದರೂ ಧ್ವನಿ ಸೇವೆ "ಇವತ್ತು ಒಂದು ಮಾತ್ರೆ ಜಾಸ್ತಿ ತಗೊಳ್ಳಿ" ಅಂದರೆ ಅವತ್ತೇ ಅದನ್ನು ಬಂದ್ ಮಾಡಿ, ಡಾಕ್ಟರಿಗೆ ತಿಳಿಸಿ.

ಸಾದಾ ಫೋನ್ ಕರೆಯೇ ಸಾಕು

ಆ್ಯಪ್, ಸ್ಪೀಕರ್, ಮಾಮೂಲಿ ಕರೆ, ಈ ಮೂರರಲ್ಲಿ ಆಯ್ಕೆ ಇದ್ದರೆ ಮಾಮೂಲಿ ಕರೆಯನ್ನೇ ಆರಿಸಿ. ಜೂನ್ ಬಂತೆಂದರೆ ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಜೊತೆಗೆ ವೈಫೈ ಹೋಗುತ್ತದೆ. ಗುಂಡಿ ಒತ್ತುವ ಫೋನ್ ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ, ಅದನ್ನು ಎತ್ತುವುದು ಅಜ್ಜ ಅಜ್ಜಿಗೂ ಗೊತ್ತು. ಟವರ್ ಕೂಡ ಹೋಗುವ ಊರಾದರೆ ಎರಡನೇ ಕಂಪನಿಯ ಸಿಮ್ ಒಂದು ಹಾಕಿಡಿ.

ಕರೆ ಬರುವ ನಂಬರನ್ನು ಅವರ ಫೋನಿನಲ್ಲಿ "ಆಸ್ಪತ್ರೆ ಕಂಪ್ಯೂಟರ್" ಅಂತ ಸೇವ್ ಮಾಡಿ. ಗುರುತಿಲ್ಲದ ನಂಬರ್ ಎತ್ತಬೇಡಿ ಅಂತ ನಾವೇ ಅವರಿಗೆ ಹೇಳಿಕೊಟ್ಟಿದ್ದೇವೆ, ಅಲ್ವಾ? ಅದು ಹಾಗೇ ಇರಲಿ.

ಹೊತ್ತು ನೀವು ಆರಿಸಬೇಡಿ, ಅವರನ್ನು ಕೇಳಿ. ದೇವರ ಪೂಜೆ, ದನದ ಕೆಲಸ, ಸಂಜೆಯ ಧಾರಾವಾಹಿ ಎಲ್ಲ ಬಿಟ್ಟು ಅವರೇ ಹೇಳಿದ ಹೊತ್ತಿಗೆ ಕರೆ ಬಂದರೆ ಸಮಾಧಾನದಲ್ಲಿ ಉತ್ತರ ಕೊಡುತ್ತಾರೆ. ಮಾತಾಡುವ ಜಾಗವನ್ನೂ ನೋಡಿ. ಶೀಟ್ ಹಾಕಿದ ಜಗಲಿಯಲ್ಲಿ ಜೋರು ಮಳೆ ಬಿದ್ದರೆ ಮನುಷ್ಯರಿಗೇ ಕೇಳಿಸುವುದಿಲ್ಲ, ಇನ್ನು ಯಂತ್ರಕ್ಕೆ? ಒಳಕೋಣೆಯಲ್ಲಿ, ಸ್ಪೀಕರ್ ಆನ್ ಮಾಡದೆ, ಫೋನ್ ಕಿವಿಗಿಟ್ಟು ಮಾತಾಡಿದರೆ ಒಳ್ಳೆಯದು.

"ಹೇಗಿದ್ದೀರಿ" ಅಂತ ಕೇಳಿಸಬೇಡಿ

ಪ್ರಶ್ನೆಗಳನ್ನು ಎಐ ಸೇವೆ ಕೊಡುವ ಕಂಪನಿಯವರು ತಯಾರಿಟ್ಟಿರುತ್ತಾರೆ. ಅದನ್ನು ಹಾಗೇ ಒಪ್ಪಬೇಡಿ. ಒಂದೊಂದನ್ನೂ ಕೇಳಿಸಿಕೊಂಡು ಬದಲಿಸಲು ಹೇಳಿ.

ನಮ್ಮ ಕಡೆಯ ಹಿರಿಯರನ್ನು "ಹೇಗಿದ್ದೀರಿ, ಏನಾದರೂ ತೊಂದರೆ ಇದೆಯಾ" ಅಂತ ಕೇಳಿದರೆ ಉತ್ತರ ಒಂದೇ: "ದಾಲ ಇಜ್ಜಿ", ಏನಿಲ್ಲ. ಮಕ್ಕಳಿಗೆ ಯಾಕೆ ತಲೆಬಿಸಿ ಅಂತ ಅವರ ಯೋಚನೆ. ಯಂತ್ರ ಅದನ್ನು ನಂಬಿ ಹಸಿರು ಗುರುತು ಹಾಕುತ್ತದೆ. ಎದುರಿಗೆ ಕೂತ ನರ್ಸ್ ಆದರೆ ಮುಖ ನೋಡಿ ಇನ್ನೊಮ್ಮೆ ಕೇಳುತ್ತಾರೆ. ಫೋನಿನ ಎಐಗೆ ಮುಖ ಕಾಣುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಿಷಯವನ್ನೇ ಕೇಳಬೇಕು. ಹೃದಯದ ರೋಗಿಗೆ ಒಂದು ಮಾದರಿ ನೋಡಿ:

"ನಮಸ್ಕಾರ. ಇದು ಕಂಪ್ಯೂಟರ್ ಕರೆ, ಮಾತಾಡುತ್ತಿರುವುದು ಮನುಷ್ಯರಲ್ಲ. ಐದು ಪ್ರಶ್ನೆ ಕೇಳುತ್ತೇನೆ. ನರ್ಸ್ ಹತ್ತಿರ ಮಾತಾಡಬೇಕಿದ್ದರೆ ಯಾವಾಗ ಬೇಕಾದರೂ ಸೊನ್ನೆ ಒತ್ತಿ."

"ಇವತ್ತಿನ ತೂಕ ಎಷ್ಟು? ಫೋನಿನ ಗುಂಡಿ ಒತ್ತಿ ಹೇಳಿ."

"ರಾತ್ರಿ ಎಷ್ಟು ದಿಂಬು ಇಟ್ಟು ಮಲಗಿದಿರಿ?"

"ಪಾದದ ಮೇಲೆ ಬೆರಳಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ನಿಂತಿತಾ?"

"ಬಾವಿಕಟ್ಟೆಯವರೆಗೆ ಹೋಗಿ ಬರುವಾಗ ನಿನ್ನೆಗಿಂತ ಜಾಸ್ತಿ ಏದುಸಿರು ಬಂತಾ?"

"ಬೆಳಗಿನ ಮದ್ದಿನ ಡಬ್ಬಿ ಖಾಲಿ ಆಯ್ತಾ?"

ದಿಂಬಿನ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ನಿನ್ನೆಯವರೆಗೆ ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಇವತ್ತು ಮೂರು ಇಟ್ಟುಕೊಂಡರೆ, ಮಲಗಿದಾಗ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಅದನ್ನು ಅವರು ತೊಂದರೆ ಅಂತ ಹೇಳುವುದೇ ಇಲ್ಲ, ದಿಂಬಿನ ಲೆಕ್ಕ ಮಾತ್ರ ಸಲೀಸಾಗಿ ಹೇಳುತ್ತಾರೆ. ವಾರಕ್ಕೊಮ್ಮೆ ಗಂಜಿಯ ಜೊತೆ ಏನು ತಿಂದಿರಿ ಅಂತಲೂ ಕೇಳಿಸಿ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಇಷ್ಟರಲ್ಲೇ ಉಪ್ಪಿನ ಕಥೆ ಗೊತ್ತಾಗುತ್ತದೆ.

ಮದ್ದಿನ ಹೆಸರು ಹೇಳಿಸಬೇಡಿ. ಅಟೆನೊಲಾಲ್, ಅಟೊರ್ವಾಸ್ಟಾಟಿನ್ ಎರಡೂ ಫೋನಿನಲ್ಲಿ ಹತ್ತಿರ ಹತ್ತಿರ ಕೇಳಿಸುತ್ತವೆ. ಒಂದು ಬಿಪಿಗೆ, ಇನ್ನೊಂದು ಕೊಲೆಸ್ಟರಾಲ್‌ಗೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮನೆಯ ಡಬ್ಬಿ ತುಂಬಿಸಿಟ್ಟು ಡಬ್ಬಿ ಖಾಲಿಯಾಯಿತಾ ಅಂತ ಕೇಳಿಸುವುದೇ ಸುಲಭ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪ್ರಶ್ನೆಯ ಅನುಕ್ರಮ ಮುಖ್ಯ. ಶುಗರ್ ನೋಡಿದಿರಾ, ತಿಂಡಿ ತಯಾರಿದೆಯಾ, ಆಮೇಲೆ ಇನ್ಸುಲಿನ್. ಚುಚ್ಚಿಕೊಂಡು ತಿನ್ನದೇ ಇದ್ದರೆ ಶುಗರ್ ಇಳಿಯುತ್ತದೆ. ಏಕಾದಶಿ ಉಪವಾಸ ಮಾಡುವ ಮನೆ, ರಂಜಾನ್ ಉಪವಾಸ ಮಾಡುವ ಮನೆ ನಮ್ಮಲ್ಲಿ ಎಷ್ಟೋ ಇವೆ. ಆ ದಿನಗಳನ್ನು ಮೊದಲೇ ಡಾಕ್ಟರಿಗೆ ಹೇಳಿ, ಡೋಸ್ ಏನು ಅಂತ ತಿಳಿದುಕೊಂಡು, ಎಐ ಸೇವೆಯ ಕ್ಯಾಲೆಂಡರಿನಲ್ಲೂ ಹಾಕಿಸಿ. 70ಕ್ಕಿಂತ ಕಡಿಮೆ ಬಂದರೆ ಹೇಳಬೇಕಾದ ಮಾತನ್ನು ಡಾಕ್ಟರಿಂದಲೇ ಬರೆಸಿ ಅದನ್ನೇ ಓದಿಸಿ: ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಈಗಲೇ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಅದೇ ಹೊತ್ತಿಗೆ ನರ್ಸ್‌ಗೂ ಮನೆಯ ಹತ್ತಿರದವರಿಗೂ ಕರೆ ಹೋಗಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ 108.

ತುಳು, ಕುಂದಾಪುರ ಕನ್ನಡ ಮತ್ತು ಅಂಕಿಗಳು

ಧ್ವನಿ ಎಐ ಮೊದಲು ಶಬ್ದವನ್ನು ಅಕ್ಷರ ಮಾಡುತ್ತದೆ, ಆಮೇಲೆ ಅಕ್ಷರದಿಂದ ಅರ್ಥ ಹುಡುಕುತ್ತದೆ, ಕೊನೆಗೆ ಉತ್ತರವನ್ನು ಮತ್ತೆ ಮಾತಾಗಿಸುತ್ತದೆ. ನಮ್ಮೂರಿನಲ್ಲಿ ಎಡವುವುದು ಹೆಚ್ಚಾಗಿ ಮೊದಲ ಮೆಟ್ಟಿಲಲ್ಲೇ. ಕಂಪ್ಯೂಟರಿಗೆ ನಮ್ಮ ಭಾಷೆಗಳನ್ನು ಕಲಿಸಲು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಭಾಷಿಣಿ ಯೋಜನೆ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನು ಗುರಿ ಇಟ್ಟುಕೊಂಡಿದೆ. ಕನ್ನಡ, ಕೊಂಕಣಿ ಆ ಪಟ್ಟಿಯಲ್ಲಿವೆ. ತುಳು, ಬ್ಯಾರಿ ಇಲ್ಲ. ಕಂಪನಿಯವರು "ಕನ್ನಡ ಬರುತ್ತದೆ" ಅಂದರೆ ಅದು ಯಾವ ಕನ್ನಡ ಅಂತ ಕೇಳಿ. ಬೆಂಗಳೂರಿನ ಕನ್ನಡ ಕಲಿತ ಯಂತ್ರಕ್ಕೆ ಕುಂದಾಪುರದ ಅಜ್ಜಿಯ "ಎಂತ ಇಲ್ಲ ಮಾರಾಯ್ರೆ" ಗಲಿಬಿಲಿ ಮಾಡಬಹುದು. ಹಲ್ಲಿನ ಸೆಟ್ ತೆಗೆದಿಟ್ಟು ಮಾತಾಡಿದರೆ ಇನ್ನೂ ಕಷ್ಟ.

ಅಮ್ಮನಿಗೆ ತುಳುವೇ ಸಲೀಸು ಅಂತಾದರೆ ಹೌದು, ಇಲ್ಲ ಎಂಬ ಉತ್ತರಗಳನ್ನೂ ಗುಂಡಿಗೆ ಹಾಕಿಸಿ. ಹೌದಾದರೆ 1, ಇಲ್ಲವಾದರೆ 2. ಪ್ರಶ್ನೆಗಳನ್ನು ಮನೆಯವರೇ ತುಳುವಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಡಬಹುದು. ಮೊಮ್ಮಗಳ ದನಿಯಲ್ಲಿ ಪ್ರಶ್ನೆ ಬಂದರೆ ಅಜ್ಜಿಗೂ ಖುಷಿ, ಆದರೆ ಕರೆ ರೆಕಾರ್ಡ್ ಮಾಡಿದ್ದು ಅಂತ ಶುರುವಿಗೇ ಹೇಳಿ.

ಅಂಕಿಗಳ ಬಗ್ಗೆ ನಾನು ತುಂಬಾ ಹಟ ಹಿಡಿಯುತ್ತೇನೆ. ಎಪ್ಪತ್ತು, ಎಂಬತ್ತು ಎಷ್ಟು ಹತ್ತಿರ ನೋಡಿ. ತುಳುವಿನಲ್ಲಿ ಇನ್ನೂ ಹತ್ತಿರ: ಎಳ್ಪ, ಎಣ್ಪ. ಶುಗರ್ 68 ಎಂದದ್ದು 88 ಅಂತ ದಾಖಲಾದರೆ ಅವತ್ತಿನ ತುರ್ತು ಕರೆ ಹೋಗುವುದೇ ಇಲ್ಲ. ಅಂಕಿಯನ್ನು ಯಾವತ್ತೂ ಗುಂಡಿ ಒತ್ತಿಯೇ ಕೊಡಲಿ. ಬೆರಳು ನಡುಗುವವರಾದರೆ ಒಂದೊಂದೇ ಅಂಕಿ ಹೇಳಲಿ, "ಆರು, ಎಂಟು" ಅಂತ. ಯಂತ್ರ ಅದನ್ನು ತಿರುಗಿ ಓದಿ "ಸರಿಯಾ?" ಅಂತ ಕೇಳಲೇಬೇಕು. ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ತಾಳೆಯಾಗದಷ್ಟು ವ್ಯತ್ಯಾಸ ಇದ್ದರೆ ಎರಡನೇ ಸಲ ಕೇಳಬೇಕು.

ಇನ್ನೆರಡು ಸೆಟ್ಟಿಂಗ್ ಬದಲಿಸಲು ಹೇಳಿ. ಮಾತು ನಿಂತು ಒಂದು ಕ್ಷಣ ಕಳೆದರೆ ಸಾಕು, ಇಂಥ ಎಷ್ಟೋ ವ್ಯವಸ್ಥೆಗಳು ಉತ್ತರ ಮುಗಿಯಿತು ಅಂದುಕೊಂಡು ಮುಂದಕ್ಕೆ ಹೋಗುತ್ತವೆ. ಎಂಬತ್ತರ ಅಜ್ಜನಿಗೆ ಯೋಚಿಸಲು ಹೊತ್ತು ಬೇಕು, ಅದನ್ನು ಮೂರು ನಾಲ್ಕು ಸೆಕೆಂಡಿಗೆ ಏರಿಸಿ. ವಯಸ್ಸಾದ ಮೇಲೆ ಕಿವಿಗೆ ಮೊದಲು ತಪ್ಪುವುದು ಕೀರಲು ದನಿ. ಹಾಗಾಗಿ ದನಿ ತಗ್ಗಿನದಾಗಿರಲಿ, ಮಾತು ನಿಧಾನವಾಗಿರಲಿ.

ಅರ್ಥವಾಗದ ಉತ್ತರವೇ ಅಪಾಯದ ಗುರುತು

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಅಪ್ಪನಿಗೆ ಬೆಳಿಗ್ಗೆ ಪಾರ್ಶ್ವವಾಯು ಬಡಿದಿದೆ ಅಂದುಕೊಳ್ಳಿ. ಮಾತು ತೊದಲುತ್ತಿದೆ. ಎಂಟು ಗಂಟೆಗೆ ಎಐ ಕರೆ ಬರುತ್ತದೆ. ಅವರು ಏನೋ ಹೇಳುತ್ತಾರೆ, ಯಂತ್ರಕ್ಕೆ ತಿಳಿಯುವುದಿಲ್ಲ. "ಕ್ಷಮಿಸಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ." ಮತ್ತೆ ತೊದಲು. ಮತ್ತೆ ಕ್ಷಮಿಸಿ. ಮೂರನೇ ಸಲಕ್ಕೆ "ನಾಳೆ ಕರೆ ಮಾಡುತ್ತೇವೆ, ಧನ್ಯವಾದ" ಅಂತ ಕರೆ ಕಟ್. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ. ಘಟ್ಟದ ಬುಡದ ಹಳ್ಳಿಯಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟುವುದಕ್ಕೇ ಅದರಲ್ಲಿ ಒಂದು ಪಾಲು ಹೋಗುತ್ತದೆ. ನಾಳೆ ಎನ್ನುವ ಮಾತೇ ಇಲ್ಲ.

ಹಾಗಾಗಿ ಸೇವೆ ಕೊಡುವವರಿಂದ ಈ ನಿಯಮವನ್ನು ಬರಹದಲ್ಲಿ ತೆಗೆದುಕೊಳ್ಳಿ: ಎರಡು ಸಲ ಅರ್ಥವಾಗದಿದ್ದರೆ ಕರೆ ತಕ್ಷಣ ಮನುಷ್ಯರಿಗೆ ಹೋಗಬೇಕು. ಕರೆ ಎತ್ತದಿದ್ದರೂ ಹಾಗೇ. ಹತ್ತು ನಿಮಿಷ ಬಿಟ್ಟು ಇನ್ನೊಂದು ಕರೆ, ಅದನ್ನೂ ಎತ್ತದಿದ್ದರೆ ಪಕ್ಕದ ಮನೆಯವರಿಗೆ ಕರೆ. "ಉತ್ತರ ಬಂದಿಲ್ಲ" ಎಂಬುದು "ತೊಂದರೆ ಇಲ್ಲ" ಅಂತ ದಾಖಲಾಗಲೇಬಾರದು.

ಪಕ್ಕದ ಮನೆಯವರು ಅಂದೆ. ಇದು ದುಬೈಯಲ್ಲಿರುವ ಮಗನಿಂದ ಆಗುವ ಕೆಲಸ ಅಲ್ಲ. ಐದು ನಿಮಿಷದಲ್ಲಿ ನಡೆದು ಬರಬಲ್ಲ ಇಬ್ಬರು ಬೇಕು. ಅವರ ಹತ್ತಿರ ಮನೆಯ ಒಂದು ಕೀ ಇರಲಿ. ಅವರನ್ನು ಮೊದಲೇ ಕಂಡು ಕೇಳಿ ಒಪ್ಪಿಸಿ, ಸುಮ್ನೆ ನಂಬರ್ ಕೊಟ್ಟುಬಿಡಬೇಡಿ. ಆಶಾ ಕಾರ್ಯಕರ್ತೆಯ ನಂಬರನ್ನು ಕೇಳದೆ ಹಾಕುವವರಿದ್ದಾರೆ, ಅವರಿಗೆ ಈಗಾಗಲೇ ಕೈತುಂಬ ಕೆಲಸ ಇದೆ.

ಎದೆನೋವು, ಏಕಾಏಕಿ ಉಸಿರಾಟದ ಕಷ್ಟ, ಮುಖ ವಾರೆಯಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಎಚ್ಚರ ತಪ್ಪುವುದು, ಇವಕ್ಕೆ ಎಐ ಕರೆಗೆ ಕಾಯಲೇಬಾರದು. 108ಕ್ಕೆ ಫೋನ್ ಮಾಡಿ, ಇಲ್ಲವೇ 112ಕ್ಕೆ. ಈ ಎರಡು ನಂಬರ್ ದೊಡ್ಡ ಅಕ್ಷರದಲ್ಲಿ ಫೋನಿನ ಪಕ್ಕದ ಗೋಡೆಗೆ ಅಂಟಿಸಿ.

ಕರೆಯಲ್ಲಿ "ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಅದೂ ಆಗಲೇ ಮನುಷ್ಯರ ಕಿವಿಗೆ ಬೀಳಬೇಕು. ಮನಸ್ಸಿನ ನೋವಿಗೆ ಸರ್ಕಾರದ ಸಹಾಯವಾಣಿ ಟೆಲಿಮಾನಸ್ 14416 ದಿನದ 24 ಗಂಟೆಯೂ ಇದೆ. ಆದರೆ ಮೊದಲು ಮಕ್ಕಳೇ ಫೋನ್ ಮಾಡಿ.

ನೀವೇ ರೋಗಿಯಾಗಿ ಪರೀಕ್ಷಿಸಿ

ಅಪ್ಪ ಅಮ್ಮನ ನಂಬರ್ ಕೊಡುವ ಮೊದಲು ಒಂದು ವಾರ ನಿಮ್ಮ ನಂಬರಿಗೇ ಕರೆ ಬರಲಿ. ಸರಿಯಾದ ಉತ್ತರ ಕೊಟ್ಟು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ತಪ್ಪು ಉತ್ತರ ಕೊಡಿ. "ಎದೆ ಸ್ವಲ್ಪ ಭಾರ, ಗ್ಯಾಸ್ ಆಗಿರಬೇಕು" ಅನ್ನಿ. ನಮ್ಮಲ್ಲಿ ಹಾರ್ಟ್ ಅಟ್ಯಾಕ್ ಆದ ಎಷ್ಟೋ ಜನ ಮೊದಲು ಹೇಳುವುದು ಇದನ್ನೇ. ಶುಗರ್ ಕಾಯಿಲೆ ಇರುವವರಿಗೆ ಮತ್ತು ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು, ದವಡೆ ನೋವು ಬರಬಹುದು, ಅದನ್ನೂ ಹೇಳಿ ನೋಡಿ. ಯಂತ್ರ "ಸರಿ, ಮುಂದಿನ ಪ್ರಶ್ನೆ" ಅಂದರೆ ಆ ಸೇವೆ ಬೇಡ. ಮಿಕ್ಸಿ ತಿರುಗಿಸುತ್ತಾ ಮಾತಾಡಿ. ಅರ್ಧಕ್ಕೆ ಫೋನ್ ಇಡಿ. ಏನೂ ಮಾತಾಡದೆ ಸುಮ್ಮನಿರಿ. ಕೆಲವು ಧ್ವನಿ ಎಐಗಳು ಮೌನ ಅಥವಾ ಗದ್ದಲ ಕೇಳಿದಾಗ ಯಾರೂ ಆಡದ ಮಾತನ್ನು ಬರೆದುಬಿಡುತ್ತವೆ. ಹಾಗಾಗಿ ಬರಹದ ಜೊತೆಗೆ ಮೂಲ ರೆಕಾರ್ಡಿಂಗ್ ಕೂಡ ನರ್ಸ್‌ಗೆ ಸಿಗಬೇಕು. ಪ್ರತಿ ಸಲ ಎಚ್ಚರಿಕೆ ಯಾರಿಗೆ ಹೋಯಿತು, ಎಷ್ಟು ನಿಮಿಷಕ್ಕೆ ಅವರು ತಿರುಗಿ ಫೋನ್ ಮಾಡಿದರು ಅಂತ ಬರೆದಿಡಿ. ಭಾನುವಾರ ಸಂಜೆಯೂ ಒಮ್ಮೆ ಮಾಡಿ ನೋಡಿ.

ಒಪ್ಪಿಗೆ ಅಮ್ಮನದ್ದೇ ಆಗಬೇಕು

ದುಡ್ಡು ಕಟ್ಟುವುದು ಮಗನಾದರೂ ಕಾಯಿಲೆಯ ವಿವರ ಅಮ್ಮನದ್ದು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ದಾರಿಯೂ ಇದೇ: ಯಾವ ಕೆಲಸಕ್ಕೆ ಮಾಹಿತಿ ಬೇಕು ಅಂತ ಹೇಳಿ ಒಪ್ಪಿಗೆ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ಅಮ್ಮನ ಎದುರು ಕೂತು ಅವರ ಭಾಷೆಯಲ್ಲಿ ಹೇಳಿ: ದಿನಾ ಒಂದು ಕಂಪ್ಯೂಟರ್ ಫೋನ್ ಮಾಡುತ್ತದೆ, ನೀವು ಹೇಳಿದ್ದು ರೆಕಾರ್ಡ್ ಆಗುತ್ತದೆ, ಇಂಥಿಂಥವರು ಕೇಳುತ್ತಾರೆ. ಬೇಡ ಅಂದರೆ ಬೇಡ. ಸೊಸೆಗೆ ಗೊತ್ತಾಗುವುದು ಬೇಡ ಎಂಬ ವಿಷಯಗಳು ಇರುತ್ತವೆ, ಮೂತ್ರದ ತೊಂದರೆಯ ಹಾಗೆ. ಅಂಥದ್ದು ನರ್ಸ್‌ಗೆ ಮಾತ್ರ ಹೋಗುವಂತೆ ಮಾಡಿಸಿ.

ಕಂಪನಿಯವರನ್ನು ನೇರವಾಗಿ ಕೇಳಿ. ರೆಕಾರ್ಡಿಂಗ್ ಎಲ್ಲಿ ಇಡುತ್ತೀರಿ, ಎಷ್ಟು ದಿನ, ಅಮ್ಮನ ದನಿಯನ್ನು ನಿಮ್ಮ ಎಐಗೆ ಕಲಿಸಲು ಬಳಸುತ್ತೀರಾ? ಉತ್ತರ ಬರಹದಲ್ಲಿ ಬರಲಿ.

ಮೋಸದ ಕರೆಯ ವಿಷಯವನ್ನು ಅದೇ ದಿನ ಹೇಳಿಬಿಡಿ. ಆಸ್ಪತ್ರೆಯ ಕರೆ ಒಟಿಪಿ, ಆಧಾರ್, ಬ್ಯಾಂಕ್ ವಿವರ ಯಾವತ್ತೂ ಕೇಳುವುದಿಲ್ಲ. ಕೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ವಾರಕ್ಕೊಂದು ಸಲ, ಮತ್ತು ನಿಲ್ಲಿಸುವಾಗ

ವಾರಕ್ಕೊಮ್ಮೆ ನರ್ಸ್ ಅಥವಾ ನೀವು ಎರಡು ಮೂರು ರೆಕಾರ್ಡಿಂಗ್ ಪೂರ್ತಿ ಕೇಳಿ, ಬರೆದದ್ದರ ಜೊತೆ ಹೋಲಿಸಿ. ತಪ್ಪು ಕಂಡರೆ ಆ ಪ್ರಶ್ನೆಯನ್ನು ಬದಲಿಸಿ. ಅಮ್ಮ ಕರೆಯ ಹೊತ್ತಿಗೆ ಕಿರಿಕಿರಿ ಮಾಡಿಕೊಳ್ಳುತ್ತಿದ್ದರೆ ಪ್ರಶ್ನೆ ಕಡಿಮೆ ಮಾಡಿ. ಎಐ ಕರೆ ಇದೆ ಅಂತ ನಿಮ್ಮ ಕರೆ ಕಡಿಮೆಯಾಗದಿರಲಿ. ಶುಗರ್ ವಿಷಯ ಅದು ಕೇಳಿಕೊಂಡಿರುತ್ತದೆ, ನೀವು ಅಂಗಳದ ಮಾವಿನ ಮರದ ವಿಷಯ ಕೇಳಿ.

ಡಾಕ್ಟರ ಭೇಟಿಗೆ ಹೋಗುವಾಗ ಎಲ್ಲ ದಾಖಲೆ ಹೊತ್ತುಕೊಂಡು ಹೋಗಬೇಡಿ. ತೂಕ, ಬಿಪಿ, ಶುಗರ್‌ಗಳ ಒಂದೇ ಪುಟದ ಪಟ್ಟಿ ಸಾಕು, ಎಚ್ಚರಿಕೆ ಹೋದ ದಿನಗಳಿಗೆ ಕೆಂಪು ಗೆರೆ ಹಾಕಿ. ವಿಡಿಯೋದಲ್ಲಿ ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ ಡಾಕ್ಟರನ್ನು ಕಾಣುವವರಿಗೂ ಇದೇ ಪುಟ ಕೈಯಲ್ಲಿರಲಿ. ಅಲ್ಲಿ ಡಾಕ್ಟರ ಪರವಾಗಿ ಎಐ ಟಿಪ್ಪಣಿ ಬರೆದುಕೊಂಡರೆ ಮದ್ದಿನ ಹೆಸರು ಮತ್ತು ಡೋಸನ್ನು ಡಾಕ್ಟರಿಂದ ಬಾಯಿಬಿಟ್ಟು ಓದಿಸಿ.

ಗಾಯ ಒಣಗಿತು, ತೂಕ ಒಂದು ಕಡೆ ನಿಂತಿತು ಅಂದರೆ ಡಾಕ್ಟರನ್ನು ಕೇಳಿ ದಿನದ ಕರೆಯನ್ನು ವಾರಕ್ಕೆರಡಕ್ಕೆ ಇಳಿಸಿ, ಆಮೇಲೆ ನಿಲ್ಲಿಸಿ. ನಿಲ್ಲಿಸುವ ದಿನ ಪಕ್ಕದ ಮನೆಯವರಿಗೂ ತಿಳಿಸಿ. ರೆಕಾರ್ಡಿಂಗ್ ಅಳಿಸಲು ಕಂಪನಿಗೆ ಬರೆಯಿರಿ, ಅಳಿಸಿದ್ದೇವೆ ಎಂಬ ಉತ್ತರ ಬರುವವರೆಗೆ ಬಿಡಬೇಡಿ. ಆಮೇಲೆ ಅಮ್ಮನ ಫೋನಿನಿಂದ "ಆಸ್ಪತ್ರೆ ಕಂಪ್ಯೂಟರ್" ನಂಬರನ್ನು ತೆಗೆದುಹಾಕಿ.